ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

(1/5)
ನಮ್ಮ ಹಲಕುಂದಿಯಲ್ಲಿ ಓಣಿ ಕ್ರಿಕೆಟ್ ಆಡೋವಾಗ ಒಬ್ಬ ಹುಡುಗ ಯಾವಾಗ್ಲೂ ಬೌಂಡರಿ ಆಚೆ ನಿಂತಿರ್ತಾನೆ. ಬಾಲ್ ಹೋದ್ರೆ ತಂದುಕೊಡ್ತಾನೆ. ಟೀಮ್ ಹಾಕುವಾಗ ಮಾತ್ರ ಅವನ ಹೆಸರು ಯಾರೂ ಕರೆಯಲ್ಲ. ನಾನೂ ಕರೆದಿಲ್ಲ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತೀವಲ್ಲ, ಹಾಗೆ. ಅವನಿಗಿರೋದು ಬೌದ್ಧಿಕ ಅಂಗವೈಕಲ್ಯ: ಹೊಸದನ್ನು ಕಲಿಯೋಕೆ, ಅರ್ಥ ಮಾಡ್ಕೊಳ್ಳೋಕೆ ಹೆಚ್ಚು ಹೊತ್ತು ಬೇಕು. ಇಂಥವರು ಕ್ರೀಡೆಯಲ್ಲಿ ಲೆಕ್ಕಕ್ಕೆ ಬಂದಿದ್ದು ಹೇಗೆ? ಓದಿ.

(2/5)
ಅಮೆರಿಕದ ಯೂನಿಸ್ ಕೆನಡಿ ಶ್ರೈವರ್ ಅವರ ಅಕ್ಕ ರೋಸ್‌ಮೇರಿಗೂ ಇದೇ ತೊಂದರೆ ಇತ್ತು. 1962ರಲ್ಲಿ ಯೂನಿಸ್ ಮೇರಿಲ್ಯಾಂಡ್‌ನ ತಮ್ಮ ಮನೆಯಲ್ಲೇ ಇಂಥ ಮಕ್ಕಳಿಗೆ ಬೇಸಿಗೆ ಶಿಬಿರ ಶುರು ಮಾಡಿದರು. 1968ರ ಜುಲೈ 20ರಂದು ಷಿಕಾಗೋದಲ್ಲಿ ಮೊದಲ ಸ್ಪೆಷಲ್ ಒಲಿಂಪಿಕ್ಸ್ ನಡೆಯಿತು. ಸುಮಾರು 1000 ಮಂದಿ ಬಂದಿದ್ದರು.
ಇದರ ನಿಯಮ ಚೆಂದ ಇದೆ. ವಯಸ್ಸು, ಸಾಮರ್ಥ್ಯ ನೋಡಿ ಸರಿಸಮಾನರನ್ನೇ ಒಂದು ಗುಂಪಿಗೆ ಹಾಕ್ತಾರೆ. ಮೊದಲ ಮೂವರಿಗೆ ಪದಕ, ನಾಲ್ಕರಿಂದ ಎಂಟನೆಯವರ ತನಕ ರಿಬ್ಬನ್. 2023ರ ಬರ್ಲಿನ್ ಕೂಟದಲ್ಲಿ ಭಾರತಕ್ಕೆ ಬಂದ ಪದಕ 202, ಅದರಲ್ಲಿ ಚಿನ್ನವೇ 76. ನಿಮಗೆ ಗೊತ್ತಿತ್ತಾ?

(3/5)
ಪ್ಯಾರಾಲಿಂಪಿಕ್ಸ್ ಕಥೆ ಬೇರೆ. 2000ರ ಸಿಡ್ನಿಯಲ್ಲಿ ಬೌದ್ಧಿಕ ಅಂಗವೈಕಲ್ಯ ವಿಭಾಗದ ಬಾಸ್ಕೆಟ್‌ಬಾಲ್ ಚಿನ್ನ ಸ್ಪೇನ್ ಪಾಲಾಯಿತು. ಆಮೇಲೆ ಬಯಲಾಗಿದ್ದು: 12 ಆಟಗಾರರಲ್ಲಿ 10 ಮಂದಿಗೆ ಯಾವ ಅಂಗವೈಕಲ್ಯವೂ ಇರಲಿಲ್ಲ! ಪದಕ ವಾಪಸ್ ಹೋಯಿತು. ಆದರೆ ಶಿಕ್ಷೆ ಬಿದ್ದಿದ್ದು ಯಾರಿಗೆ? ನಿಜವಾದ ಕ್ರೀಡಾಪಟುಗಳಿಗೆ. 2004, 2008ರಲ್ಲಿ ಅವರಿಗೆ ಪದಕದ ಸ್ಪರ್ಧೆಯೇ ಇರಲಿಲ್ಲ. ಬಾಗಿಲು ಮತ್ತೆ ತೆರೆದದ್ದು 2012ರಲ್ಲಿ, ಲಂಡನ್‌ನಲ್ಲಿ. ಅದೂ ಓಟ-ಜಿಗಿತ, ಈಜು, ಟೇಬಲ್ ಟೆನಿಸ್‌ಗೆ ಮಾತ್ರ.

(4/5)
ಆ ಬಾಗಿಲಿಂದಲೇ ಬಂದವಳು ದೀಪ್ತಿ ಜೀವಾಂಜಿ. ಪಕ್ಕದ ತೆಲಂಗಾಣದ ವಾರಂಗಲ್ ಜಿಲ್ಲೆಯ ಕಲ್ಲೆಡ ಅವಳೂರು. ಅಪ್ಪ-ಅಮ್ಮ ಕೂಲಿ ಮಾಡಿ ಬದುಕಿದವರು. ಅವಳು ಊರವರ ಚುಚ್ಚುಮಾತು ಕೇಳಿಯೇ ಬೆಳೆದಳು. 2024ರ ಮೇ ತಿಂಗಳಲ್ಲಿ ಜಪಾನ್‌ನ ಕೋಬೆಯಲ್ಲಿ 400 ಮೀಟರ್ ಅನ್ನು 55.07 ಸೆಕೆಂಡಿನಲ್ಲಿ ಓಡಿದಳು, ಆಗಿನ ವಿಶ್ವ ದಾಖಲೆ. ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಕಂಚು. ಆಡಿಕೊಂಡ ಬಾಯಿಗಳಿಗೆ ಅವಳ ಕಾಲೇ ಉತ್ತರ ಕೊಟ್ಟಿತು.

(5/5)
ಎಲ್ಲರೂ ದೀಪ್ತಿ ಆಗಬೇಕಿಲ್ಲ. ಆಡಿದ್ರೆ ಮೈ ದಣಿಯುತ್ತೆ, ನಿದ್ದೆ ಬರುತ್ತೆ, ಗೆಳೆಯರು ಸಿಗ್ತಾರೆ. ನಮಗೆ ಬೇಕಾಗಿರೋದೂ ಅದೇ ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 30ನೇ ಕಲಂ, ಆಟದಲ್ಲಿ ಇವರಿಗೂ ಪಾಲಿದೆ ಅಂತ ಹೇಳುತ್ತೆ. ಆದರೆ ಓಣಿಯಲ್ಲಿ ಟೀಮ್ ಹಾಕೋದು ಕಾಯ್ದೆ ಅಲ್ಲ, ನಾವು.
ಟೆನಿಸ್ ಬಾಲ್ ಇರಲಿ. ನಿಧಾನಕ್ಕೆ ಹಾಕಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಮಾಡಿ ತೋರಿಸಿ. ಅವನು ಹೊಡೆದ ರನ್ನನ್ನು ಸ್ಕೋರಿಗೆ ಸೇರಿಸಿ, ಅದನ್ನ ಮಾತ್ರ ಮರೀಬೇಡಿ. ಈ ಭಾನುವಾರ ನಾನು ಮೊದಲು ಕರೆಯೋದು ಅವನ ಹೆಸರನ್ನೇ. ನೀವು?

#ಹಲಕುಂದಿ #ಬಳ್ಳಾರಿ #ಆಟಕ್ಕೂ_ಲೆಕ್ಕಕ್ಕೂ