ಬಾಬುಕೋಡಿಯಿಂದ ಓಡಿಹೋದ ಹುಡುಗ

ಎಜ್‌ವೇರ್ ಎಂದರೆ ನಮ್ಮಲ್ಲಿ ಹಲವರಿಗೆ ನಾರ್ದರ್ನ್ ಲೈನಿನ ಕೊನೆಯ ನಿಲ್ದಾಣ. ಕೆಲಸ ಮುಗಿಸಿ ಬರುವಾಗ ನಿದ್ದೆ ಹತ್ತಿದರೂ ಚಿಂತೆಯಿಲ್ಲ, ರೈಲು ಮುಂದೆ ಹೋಗುವುದಿಲ್ಲ! ಆದರೆ ಈ ಊರಿಗೂ ನಾಟಕಕ್ಕೂ ಹಳೆಯ ನಂಟು ಇದೆ. ಪಕ್ಕದ ಕ್ಯಾನನ್ಸ್ ಎಂಬ ಅರಮನೆಯಲ್ಲಿ ಸಂಗೀತಗಾರ ಹ್ಯಾಂಡೆಲ್ 1717-18ರಲ್ಲಿ ಆಶ್ರಯ ಪಡೆದಿದ್ದ. ಅವನ ‘ಏಸಿಸ್ ಅಂಡ್ ಗ್ಯಾಲಟಿಯ’ ಎಂಬ ಗೀತರೂಪಕ ಮೊದಲು ಪ್ರದರ್ಶನಗೊಂಡದ್ದು ಅಲ್ಲಿಯೇ. 1747ರಲ್ಲಿ ಆ ಅರಮನೆಯನ್ನು ಕೆಡವಿ ಕಲ್ಲು, ಮರಗಳನ್ನೆಲ್ಲ ಮಾರಿಬಿಟ್ಟರು. ಹ್ಯಾಂಡೆಲ್‌ನ ತಂದೆಗೆ ಮಗ ಕಾನೂನು ಓದಬೇಕೆಂಬ ಆಸೆ ಇತ್ತಂತೆ. ತಂದೆಯರು ಎಲ್ಲ ಕಾಲದಲ್ಲೂ ಒಂದೇ ಎಂದು ಕಾಣುತ್ತದೆ.

ಈ ಮಾತು ಸುಮ್ಮನೆ ನೆನಪಾದದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮಿತ್ರರೊಬ್ಬರು ಸಂಜೆ ಫೋನ್ ಮಾಡಿ, “ನೀವು ಬಂದು ನಮ್ಮ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ” ಎಂದರು. ಮಗಳು ಗಣಿತದಲ್ಲಿ ಚುರುಕು, ಆದರೆ ನಾಟಕವನ್ನೇ ಓದುತ್ತೇನೆ, ಅದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಳು. “ನಾಟಕ ಹೊಟ್ಟೆ ತುಂಬಿಸುತ್ತದೆಯೇ?” ಎನ್ನುವುದು ತಂದೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನು ಬುದ್ಧಿ ಹೇಳಲು ಹೋಗಿ ಬಿ. ವಿ. ಕಾರಂತರ ಕಥೆ ಹೇಳಿ ಬಂದೆ.

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ಸೀಮೆಯ ಮಂಚಿ ಗ್ರಾಮದಲ್ಲಿ. ಮೂರನೆಯ ತರಗತಿಯಲ್ಲಿದ್ದಾಗ ಕುವೆಂಪು ಅವರ ಮಕ್ಕಳ ನಾಟಕ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದ ಹುಡುಗನಿಗೆ ಆ ಬಣ್ಣ ಕೊನೆಯವರೆಗೂ ಹೋಗಲಿಲ್ಲ. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪೆನಿ ಸೇರಿದರು. ಆಗಿನ ಕಂಪೆನಿ ನಾಟಕವೆಂದರೆ ಊಟ, ವಸತಿ, ಪಾಠ, ಪೆಟ್ಟು ಎಲ್ಲವೂ ಒಂದೇ ಡೇರೆಯ ಕೆಳಗೆ. ಮುಂದೆ ರಾಜಕುಮಾರ್ ಆದ ಮುತ್ತುರಾಜ್ ಕೂಡ ಅಲ್ಲಿ ಪಳಗಿದವರೇ. ಕಾರಂತರನ್ನು ಕಾಶಿಗೆ ಎಂ.ಎ. ಓದಲು ಕಳುಹಿಸಿದವರು ವೀರಣ್ಣನವರು. ನಾಟಕದ ಯಜಮಾನನೊಬ್ಬ ತನ್ನ ಹುಡುಗನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದ್ದನ್ನು ಹೇಳಿದಾಗ ನಮ್ಮ ಮಿತ್ರರ ಮುಖ ಕೊಂಚ ಸಡಿಲವಾಯಿತು. ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತ, ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1962ರಲ್ಲಿ ಅಲ್ಲಿಂದ ಹೊರಬಂದವರು 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಭೋಪಾಲದ ಭಾರತ ಭವನ, 1989ರಲ್ಲಿ ಮೈಸೂರಿನ ರಂಗಾಯಣ, ‘ಚೋಮನ ದುಡಿ’ಗೆ ಸ್ವರ್ಣಕಮಲ, ಇವೆಲ್ಲ ನಿಮಗೆ ಗೊತ್ತಿರುವುದೇ.

ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದಿದೆ. 1969ರಿಂದ 72ರವರೆಗೆ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟರಾಗಿದ್ದರು. ದೊಡ್ಡವರ ನಾಟಕದಲ್ಲಿ ಹೆಸರು ಮಾಡಬಲ್ಲವರು ಶಾಲೆಯ ಹುಡುಗರ ಜೊತೆ ಕುಳಿತದ್ದು ಹೊಟ್ಟೆಪಾಡಿಗೂ ಇರಬಹುದು. ಆದರೆ ಮಕ್ಕಳ ರಂಗಭೂಮಿಯ ಮೇಲಿನ ಪ್ರೀತಿ ಅವರನ್ನು ಮುಂದೆಂದೂ ಬಿಡಲಿಲ್ಲ. ಸಂಗೀತಕ್ಕೆ ಹಾರ್ಮೋನಿಯಂ ಒಂದೇ ಬೇಕೆಂದಿಲ್ಲ, ಕೈಗೆ ಸಿಕ್ಕಿದ ದಿನಬಳಕೆಯ ವಸ್ತುವಿನಿಂದಲೂ ನಾದ ಹೊರಡಿಸುತ್ತಿದ್ದರು. ಮಕ್ಕಳು ಮಾಡುವುದೂ ಅದನ್ನೇ ಅಲ್ಲವೇ? ಮನೆಯಲ್ಲಿ ಆದರೆ ಗದರಿಸುತ್ತೇವೆ.

ಬೆಂಗಳೂರಿನಲ್ಲಿ ಇದಕ್ಕೊಂದು ಮನೆ ಕಟ್ಟಿದವರು ಅವರ ಪತ್ನಿ ಪ್ರೇಮಾ ಕಾರಂತರು. ಸ್ವತಃ ಶಿಕ್ಷಕಿಯಾಗಿದ್ದವರು, ವಸ್ತ್ರವಿನ್ಯಾಸ ಬಲ್ಲವರು, ಮುಂದೆ ‘ಫಣಿಯಮ್ಮ’ ಚಿತ್ರ ನಿರ್ದೇಶಿಸಿದವರು. ‘ಬೆಂಗಳೂರು ನಗರ ಕಲಾವಿದರು’ ಎಂಬುದನ್ನು ಕಿರಿದಾಗಿಸಿ ‘ಬೆನಕ’ ಎಂದು ಹೆಸರಿಟ್ಟುಕೊಂಡ ತಂಡದ ಜೊತೆಗೆ 1979ರಲ್ಲಿ ‘ಬೆನಕ ಮಕ್ಕಳ ಕೇಂದ್ರ’ವನ್ನು ಆರಂಭಿಸಿದರು. ‘ಅಳಿಲು ರಾಮಾಯಣ’ ಅಲ್ಲಿನದೇ. ಕಾರಂತರ ‘ಪಂಜರ ಶಾಲೆ’ ರವೀಂದ್ರನಾಥ ಠಾಕೂರರ ಗಿಳಿಯ ಕಥೆಯಿಂದ ಹುಟ್ಟಿದ್ದು. ರಾಜನಿಗೆ ಗಿಳಿಗೆ ವಿದ್ಯೆ ಕಲಿಸಬೇಕೆಂಬ ಆಸೆ. ಚಿನ್ನದ ಪಂಜರ, ಪಂಡಿತರು, ರಾಶಿ ರಾಶಿ ಪುಸ್ತಕ; ಬಾಯಿಗೆ ಹಾಳೆ ತುರುಕಿ ತುರುಕಿ ಹಾಡು ನಿಂತೇ ಹೋಗುತ್ತದೆ. ಮಕ್ಕಳು ನಗುತ್ತಾರೆ, ಹಿಂದಿನ ಸಾಲಿನಲ್ಲಿ ಕುಳಿತ ತಂದೆತಾಯಿಗಳು ನಗುವುದು ಕಡಿಮೆ.

ಈ ದೇಶವೂ ಯುವಕರ ನಾಟಕಕ್ಕೆ ಹೊಸದಲ್ಲ. ಮೈಕೆಲ್ ಕ್ರಾಫ್ಟ್ ಎಂಬ ಮೇಷ್ಟರು 1956ರಲ್ಲಿ ದಕ್ಷಿಣ ಲಂಡನ್ನಿನ ಶಾಲಾ ಹುಡುಗರನ್ನು ಕಟ್ಟಿಕೊಂಡು ಶುರುಮಾಡಿದ್ದೇ ನ್ಯಾಷನಲ್ ಯೂತ್ ಥಿಯೇಟರ್ ಆಯಿತು. ಹೆಲೆನ್ ಮಿರನ್ ಅಲ್ಲಿಂದ ಬಂದವರು. ನಮ್ಮವರ ಮಟ್ಟಿಗೆ 1977ರಲ್ಲಿ ಜತಿಂದರ್ ವರ್ಮಾ ಮತ್ತು ಗೆಳೆಯರು ಕಟ್ಟಿದ ತಾರಾ ಆರ್ಟ್ಸ್ ದೊಡ್ಡ ಹೆಜ್ಜೆ. ಹಿಂದಿನ ವರ್ಷ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ಯುವಕನ ಕೊಲೆಯಾಗಿತ್ತು. ಆ ಸಂಕಟಕ್ಕೆ ಅವರು ಕೊಟ್ಟ ಉತ್ತರ ಠಾಕೂರರ ನಾಟಕ!

ಇದೆಲ್ಲ ಕೇಳಿದ ಮೇಲೂ ನಮ್ಮ ಮಿತ್ರರು ಒಪ್ಪಲಿಲ್ಲ. ಕಾಫಿ ಬಂದಾಗ ಮಾತ್ರ, “ಕಾಲೇಜಿನಲ್ಲಿದ್ದಾಗ ಕಲಾಕ್ಷೇತ್ರದಲ್ಲಿ ‘ಸತ್ತವರ ನೆರಳು’ ಮೂರು ಸಲ ನೋಡಿದ್ದೇನೆ” ಎಂದರು. ಮಗಳು “ಅಪ್ಪಾ, ಇದನ್ನು ಯಾವತ್ತೂ ಹೇಳಲೇ ಇಲ್ಲವಲ್ಲ!” ಎಂದಳು. ಅವರು ಉತ್ತರ ಕೊಡಲಿಲ್ಲ.

ಆ ಹುಡುಗಿ ಆ ಬೇಸಿಗೆಯಲ್ಲಿ ಭಾನುವಾರದ ಕನ್ನಡ ತರಗತಿಯ ಹನ್ನೆರಡು ಮಕ್ಕಳನ್ನು ಸೇರಿಸಿ ಗಿಳಿಯ ಕಥೆಯನ್ನೇ ಎತ್ತಿಕೊಂಡಳು. ತರಗತಿಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ಮಕ್ಕಳು ಇವರು. ‘ಗಿಳಿ’ ಹೇಳಲು ಬಾರದೆ ‘ಗಿಲಿ’ ಎನ್ನುತ್ತಿದ್ದ ಹುಡುಗನಿಗೆ ರಾಜನ ಪಾತ್ರ ಬಂತು. ಪುಸ್ತಕದಲ್ಲಿ ಎರಡು ವರ್ಷ ತಿದ್ದಿದರೂ ಬಾರದ ಳಕಾರ ಆರು ವಾರಗಳಲ್ಲಿ ಬಂತು, ರಾಜ ತಪ್ಪು ಮಾತಾಡಬಾರದಲ್ಲ! ಡಬ್ಬ, ಚಮಚ, ತೆಂಗಿನ ಚಿಪ್ಪುಗಳೇ ವಾದ್ಯ. ಚಿನ್ನದ ಪಂಜರವನ್ನು ಹಳೆಯ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಹಳದಿ ಕಾಗದ ಸುತ್ತಿ ಮಾಡಿದ್ದರು. ಎರಡನೆಯ ದೃಶ್ಯದಲ್ಲಿ ಅದು ಕುಸಿದು ಬಿತ್ತು. ಗಿಳಿಯಾಗಿದ್ದ ಮಗು ಗಾಬರಿಯಾಗದೆ ಕೈಯಲ್ಲೇ ಎತ್ತಿ ಹಿಡಿದುಕೊಂಡು ಮಾತು ಮುಂದುವರಿಸಿತು.

ಹುಡುಗಿ ನಾಟಕವನ್ನೇ ಓದಿದಳು. ಈಗ ಶಾಲೆಗಳಲ್ಲಿ ನಾಟಕ ಕಲಿಸುತ್ತಾಳೆ. ಸಂಬಳ ಅವಳ ತಂದೆ ಬಯಸಿದಷ್ಟಿಲ್ಲ. ಭಾನುವಾರದ ತಂಡ ಮುಂದುವರಿದಿದೆ. ಪಂಜರವನ್ನು ಬಿಚ್ಚಿ ಕಾರಿನ ಡಿಕ್ಕಿಗೆ ತುಂಬಿ ತರುವ ಕೆಲಸ ಇಂದಿಗೂ ನಮ್ಮ ಮಿತ್ರರದೇ. ಈ ಸಲ ಗಟ್ಟಿಯಾದದ್ದೊಂದು ಮಾಡಿಸಬೇಕು ಎನ್ನುತ್ತಿದ್ದಾರೆ.