ರಿಜರ್ವ್ ಬ್ಯಾಂಕೂ ಸರಕಾರವೂ: ಬೆನಗಲ್ ರಾಮರಾಯರ ರಾಜೀನಾಮೆ

ಪಾವಗಡಕ್ಕೂ ಮಧುಗಿರಿ, ಶಿರಾಗಳಿಗೂ ನಡುವೆ ಮಡಕಶಿರಾ ಸೀಮೆ ಚಾಚಿಕೊಂಡಿರುವುದು ವಾಚಕರಿಗೆ ವಿದಿತವೇ ಆಗಿದೆ. 1935ರ ಏಪ್ರಿಲ್ 1ರಂದು ರಿಜರ್ವ್ ಬ್ಯಾಂಕು ಕಾರ್ಯಾರಂಭ ಮಾಡಿದಾಗ ಮಡಕಶಿರಾ ಮದರಾಸು ಆಧಿಪತ್ಯಕ್ಕೆ ಸೇರಿ ಬ್ರಿಟಿಷ್ ಇಂಡಿಯದ ಶಾಸನಕ್ಕೆ ಒಳಪಟ್ಟಿತ್ತು. ಇಕ್ಕೆಲದ ತಾಲ್ಲೂಕುಗಳು ಮೈಸೂರು ಸಂಸ್ಥಾನದವು. ರೂಪಾಯಿ ಒಂದೇ, ಶಾಸನಗಳು ಮಾತ್ರ ಎರಡು. ಮೈಸೂರಿನ ಸ್ವಂತ ಟಂಕಸಾಲೆ 1843ರಲ್ಲಿಯೇ ನಿಂತುಹೋಗಿತ್ತು. ಸಂಸ್ಥಾನದ ಸರಕಾರಕ್ಕೆ, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕೇ ಬ್ಯಾಂಕರಾಗಿತ್ತು. ಇಂತಹ ರಾಜ್ಯಗಳೊಡನೆ ಒಪ್ಪಂದ ಮಾಡಿಕೊಂಡು ಅವುಗಳ ಹಣಕಾಸಿನ ವ್ಯವಹಾರವನ್ನು ವಹಿಸಿಕೊಳ್ಳುವ ಅಧಿಕಾರ ರಿಜರ್ವ್ ಬ್ಯಾಂಕಿಗೆ ಬಂದುದು 1951ರ ತಿದ್ದುಪಡಿಯಿಂದ.

ಐದು ಕೋಟಿ ರೂಪಾಯಿಗಳ ಷೇರು ಬಂಡವಾಳದಿಂದ ಖಾಸಗಿಯಾಗಿ ಆರಂಭವಾದ ಈ ಸಂಸ್ಥೆ 1949ರ ಜನವರಿ 1ರಂದು ರಾಷ್ಟ್ರದ ಸ್ವತ್ತಾಯಿತು. ಅದೇ ವರ್ಷದ ಜುಲೈಯಲ್ಲಿ ದಕ್ಷಿಣ ಕನ್ನಡ ಮೂಲದ ಬೆನಗಲ್ ಮನೆತನದ ರಾಮರಾಯರು ಗವರ್ನರ್ ಪದವಿಗೆ ಬಂದರು. ಏಳೂವರೆ ವರ್ಷಗಳ ಅವರ ಅವಧಿಯನ್ನು ಮೀರಿದವರು ಇದುವರೆಗೆ ಇಲ್ಲ.

ಆ ಕಾಲದ ಕಾರ್ಯಗಳಲ್ಲಿ ಗ್ರಾಮೀಣ ಸಾಲದ ಅಖಿಲ ಭಾರತ ಪರಿಶೀಲನೆಯನ್ನು ನಾವು ಮುಖ್ಯವೆಂದು ಎಣಿಸುತ್ತೇವೆ. ಗೋರವಾಲಾ ಸಮಿತಿಯ ನೇತೃತ್ವದಲ್ಲಿ 75 ಜಿಲ್ಲೆಗಳ 600 ಹಳ್ಳಿಗಳು ಪರಿಶೀಲಿಸಲ್ಪಟ್ಟವು. ರೈತನ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡ 3.1, ವಾಣಿಜ್ಯ ಬ್ಯಾಂಕುಗಳದು ಶೇಕಡ 0.9, ಲೇವಾದೇವಿಗಾರರದು ಶೇಕಡ 70ರ ಸಮೀಪ! 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಮೊಳೆತ ಸಹಕಾರದ ಬಳ್ಳಿ ಅರ್ಧ ಶತಮಾನದಲ್ಲಿ ಹಬ್ಬಿದ್ದು ಇಷ್ಟೆ. ಈ ವರದಿಯ ಫಲವಾಗಿ ಇಂಪೀರಿಯಲ್ ಬ್ಯಾಂಕು 1955ರಲ್ಲಿ ಸ್ಟೇಟ್ ಬ್ಯಾಂಕಾಯಿತು; ಐದು ವರ್ಷಗಳಲ್ಲಿ 400 ಶಾಖೆಗಳನ್ನು ತೆರೆಯುವ ಹೊಣೆ ಅದರ ಮೇಲೆ ಬಿದ್ದಿತು.

ಇಷ್ಟು ಸಾಧಿಸಿದವರು ನಿರ್ಗಮಿಸಿದ ರೀತಿ ವಿಷಾದಕರ. 1956ರ ಕೊನೆಯಲ್ಲಿ ಅರ್ಥ ಸಚಿವ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸಿದರು. ಹುಂಡಿಗಳ ಆಧಾರದ ಮೇಲೆ ಬ್ಯಾಂಕುಗಳು ರಿಜರ್ವ್ ಬ್ಯಾಂಕಿನಿಂದ ಪಡೆಯುವ ಸಾಲ ಇದರಿಂದ ತುಟ್ಟಿಯಾಯಿತು. ಎಂದರೆ, ಬಡ್ಡಿಯ ದರವನ್ನು ನಿರ್ಧರಿಸಬೇಕಾದ ಸಂಸ್ಥೆಯನ್ನು ಬದಿಗೊತ್ತಿ ತೆರಿಗೆಯ ಮಾರ್ಗದಿಂದ ದರವನ್ನೇ ಏರಿಸಿದಂತಾಯಿತು. ರಾಮರಾಯರು ಪ್ರತಿಭಟಿಸಿದರು. ಸಚಿವರು ಬ್ಯಾಂಕನ್ನು ಸರಕಾರದ ಒಂದು ವಿಭಾಗವೆಂಬಂತೆ ಕಂಡರು. ಪ್ರಧಾನಿ ನೆಹರೂ ಅವರೂ ಸಚಿವರ ಪಕ್ಷವನ್ನೇ ವಹಿಸಿದರು. 1957ರ ಜನವರಿಯಲ್ಲಿ ರಾಯರು ಪದತ್ಯಾಗ ಮಾಡಿದರು.

ಇಲ್ಲಿ ನ್ಯಾಯವಾವ ಕಡೆ? ಗವರ್ನರರೊಡನೆ ಸಮಾಲೋಚಿಸಿ ಬ್ಯಾಂಕಿಗೆ ನಿರ್ದೇಶನ ನೀಡುವ ಅಧಿಕಾರವನ್ನು ಶಾಸನದ 7ನೆಯ ಪ್ರಕರಣ ಸರಕಾರಕ್ಕೆ ಕೊಟ್ಟಿದೆ. ಕೊನೆಯ ಮಾತು ಚುನಾಯಿತ ಸರಕಾರದ್ದೆಂಬುದರಲ್ಲಿ ನಮಗೂ ವಿವಾದವಿಲ್ಲ. ಆದರೆ ಆ ಪ್ರಕರಣದ ತಿರುಳು ಸಮಾಲೋಚನೆ ಎಂಬ ಪದದಲ್ಲಿದೆ. ಸಚಿವರು ಹಿಡಿದದ್ದು ಅದನ್ನು ತಪ್ಪಿಸಿಹೋಗುವ ಹಾದಿ. ಬಡ್ಡಿಯ ದರವನ್ನು ನಿರ್ಣಯಿಸಲು ಬ್ಯಾಂಕಿನ ಮೂವರೂ ಸರಕಾರ ನೇಮಿಸಿದ ಮೂವರೂ ಕೂಡಿದ ಸಮಿತಿ ಶಾಸನಬದ್ಧವಾದುದು 2016ರಲ್ಲಿ, ರಾಯರ ರಾಜೀನಾಮೆಯ ತರುವಾಯ 59 ವರ್ಷಗಳಿಗೆ.