ತಲೆ ಸುತ್ತಿದರೆ ಕಿವಿಗೇಕೆ ಮದ್ದು?

ಕೊಲ್ಲೂರು ದಾರಿಯ ವಂಡ್ಸೆಯಲ್ಲಿ ಅಡಿಕೆ ಮರ ಏರುವವರಿಗೆ ತಲೆಸುತ್ತೆಂದರೆ ಜೀವದ ಪ್ರಶ್ನೆ. ಕಿವಿಯೊಳಗೆ ಗುಂಯ್ ಎಂಬ ಸದ್ದು, ಮಂದವಾಗುವ ಶ್ರವಣ, ಗಂಟೆಗಟ್ಟಲೆ ಗಿರಗಿರ ತಿರುಗುವ ಜಗತ್ತು, ಇವು ಒಟ್ಟಾಗಿ ಮರುಕಳಿಸಿದರೆ ಅದು ಮೆನಿಯೇರ್ ಕಾಯಿಲೆಯಿರಬಹುದು.

ಹಿಂದೆ ಯುರೋಪಿನ ವೈದ್ಯರು ಇದನ್ನು ಮಿದುಳಿಗೆ ರಕ್ತ ನುಗ್ಗಿ ಬರುವ ರೋಗವೆಂದು ಬಗೆದು, ಜಿಗಣೆ ಹಚ್ಚಿ ರಕ್ತ ತೆಗೆಯುತ್ತಿದ್ದರು. ಮೊದಲೇ ಬಳಲಿದವರಿಗೆ ಇದೆಂಥ ಶಿಕ್ಷೆ! ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್, ದೋಷವಿರುವುದು ಒಳಕಿವಿಯಲ್ಲಿ ಎಂದು 1861ರಲ್ಲಿ ಅಲ್ಲಿನ ವೈದ್ಯಕೀಯ ಅಕಾಡೆಮಿಯ ಮುಂದಿಟ್ಟರು. ಮಾತು ಮನ್ನಣೆ ಪಡೆಯುವ ಮೊದಲೇ, ಮರುವರ್ಷ ತೀರಿಕೊಂಡರು. ಒಳಕಿವಿಯಲ್ಲಿ ದ್ರವ ಹೆಚ್ಚಿ ಉಬ್ಬುವುದನ್ನು ಬ್ರಿಟನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್, ಜಪಾನಿನ ಯಾಮಾಕಾವಾ 1938ರಲ್ಲಿ ತೋರಿಸಿದರು.

ಬೇರುಸಹಿತ ಕೀಳುವ ಮದ್ದು ಇಂದಿಗೂ ಇಲ್ಲ. ಉಪ್ಪು ತಗ್ಗಿಸಿ ಎಂಬುದು 1930ರ ದಶಕದ ಸಲಹೆ. ಒಣಮೀನು, ಉಪ್ಪಿನಕಾಯಿಯ ಕರಾವಳಿ ಊಟಕ್ಕೆ ಸುಲಭದ ಪಥ್ಯವಲ್ಲ. ಬೆಟಾಹಿಸ್ಟಿನ್ ಮಾತ್ರೆ ಬಹಳ ಬಳಕೆಯಲ್ಲಿದ್ದರೂ 2016ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಅದು ಹುಸಿಮಾತ್ರೆಯನ್ನು ಮೀರಿಸಲಿಲ್ಲ. ಇವಕ್ಕೆ ಬಗ್ಗದಿದ್ದರೆ ಕಿವಿತಮಟೆಯ ಮೂಲಕ ಸ್ಟೀರಾಯ್ಡ್ ಚುಚ್ಚುಮದ್ದು, ಇಲ್ಲವೇ ಜೆಂಟಾಮೈಸಿನ್. ಎರಡನೆಯದು ಸಮತೋಲ ಕಾಯುವ ಕೋಶಗಳನ್ನೇ ಕೆಡಿಸಿ ಸುತ್ತು ನಿಲ್ಲಿಸುತ್ತದೆ. ಉಳಿದ ಶ್ರವಣಕ್ಕೂ ಕುತ್ತು ತರಬಹುದು. ಆ ಕಿವಿ ಇನ್ನೂ ಚೆನ್ನಾಗಿ ಕೇಳುತ್ತಿದ್ದರೆ, ಒಪ್ಪುವ ಮೊದಲು ತಜ್ಞರನ್ನು ಇದರ ಬಗ್ಗೆ ವಿಚಾರಿಸಲೇಬೇಕು.